ಹಸಿರು ಗೀಟು

ರೇವಣಸಿದ್ದನ ಬಾಯಿ ಕೆಟ್ಟದ್ದು ಎಂಬುದು ಬೆಂಗಳೂರಿನ ವಿಜಯನಗರದಲ್ಲಿ ಟಿವಿ ಗೇಮ್ ಇಟ್ಟುಕೊಂಡಿದ್ದವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಅವನ ಹತ್ತಿರವೇ ಬರುತ್ತಿದ್ದರು. ಬರದೆ ಇನ್ನೆಲ್ಲಿಗೆ ಹೋಗುತ್ತಾರೆ? ಟಿವಿ ರಿಪೇರಿಯವರು ಗಲ್ಲಿಗೊಬ್ಬರಿದ್ದರು. ಆದರೆ ಕ್ಯಾಸೆಟ್ ಸಿಕ್ಕಿಸಿ ಆಡುವ ಆ ಹಳೆಯ ಜಪಾನಿ ಪೆಟ್ಟಿಗೆಗಳಲ್ಲಿ ಚಿತ್ರ ಕೆಟ್ಟಿತೆಂದರೆ, ನೋಡಿದ ಕೂಡಲೇ ಇಂಥದೇ ಐಸಿ ಹೋಗಿದೆ ಎಂದು ಹೇಳುವ ಕಣ್ಣು ಮಾಗಡಿ ರಸ್ತೆಯಿಂದ ಕೆಂಗೇರಿಯವರೆಗೆ ಹುಡುಕಿದರೂ ಒಂದೇ ಜೋಡಿ. ಆ ಜೋಡಿ ರೇವಣಸಿದ್ದನ ಮುಖದಲ್ಲಿತ್ತು, ಅದರ ಸೊಕ್ಕೂ ಅದೇ ಮುಖದಲ್ಲಿತ್ತು.

“ಗೇಮ್ ಯಾಕೋ ಸರಿ ಇಲ್ಲ ಅಣ್ಣ” ಎಂದು ಯಾರಾದರೂ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರೆ ಇವನು ತಲೆ ಎತ್ತುತ್ತಿರಲಿಲ್ಲ.

“ಸರಿ ಇಲ್ಲ ಅಂದ್ರ ಏನು? ಕಣ್ಣ ಅದಾವಲ್ಲ ನಿಮಗ? ಏನ್ ಕಾಣತೈತಿ ನೆಟ್ಟಗ ಹೇಳ್ರಿ.”

ಅವರು ತಡವರಿಸಿಕೊಂಡು ಏನೋ ಹೇಳುವರು. ಇವನು ಪೆಟ್ಟಿಗೆಯನ್ನು ಟಿವಿಗೆ ಜೋಡಿಸಿ ಒಂದೇ ಸಲ ನೋಡಿ, “ಮೂಲ್ಯಾಗ ನಾಲ್ಕು ಹಳದಿ ಚುಕ್ಕಿ ಅದಾವು, ಅವು ಕಂಡಿಲ್ಲ ನಿಮಗ? ಇನ್ನ ಮ್ಯಾಲ ಕಂದೀಲ ಹಚ್ಕೊಂಡು ಆಡ್ರಿ” ಎನ್ನುವನು. ಸುತ್ತ ನಿಂತವರು ನಗುವರು. ಪೆಟ್ಟಿಗೆ ತಂದವನೂ ಹಲ್ಲು ಕಿರಿಯಬೇಕು, ಇಲ್ಲದಿದ್ದರೆ ಕೆಲಸ ಆಗುವುದಿಲ್ಲ.

ಅವನ ಹತ್ತಿರ ದೊಡ್ಡ ಉಪಕರಣವೇನೂ ಇರಲಿಲ್ಲ. ಸೋಲ್ಡರಿಂಗ್ ಕಡ್ಡಿ, ಇಕ್ಕಳ, ಹಳೇ ಐಸಿಗಳನ್ನು ಚುಚ್ಚಿಟ್ಟ ಒಂದು ಥರ್ಮೊಕೋಲ್ ತುಂಡು, ಅಷ್ಟೆ. ಮಿಕ್ಕದ್ದೆಲ್ಲ ಕಣ್ಣು. ಒಂದೊಂದು ರೋಗಕ್ಕೂ ತಾನೇ ಹೆಸರಿಟ್ಟುಕೊಂಡಿದ್ದ. ಪರದೆಯ ಮೇಲೆ ಉದ್ದುದ್ದ ಗೀಟು ಬಿದ್ದರೆ ಅದು ಸೀರಿ ಅಂಚು. ಅಕ್ಷರಗಳು ಒಡೆದು ಮಂಡಕ್ಕಿಯಂತೆ ಚೆಲ್ಲಾಪಿಲ್ಲಿಯಾದರೆ ಮಂಡಾಳು. ಬಣ್ಣ ತಿರುಗಿ ಆಕಾಶ ಹಳದಿಯಾದರೆ ಕಾಮಾಲಿ. ರೋಗ ಗೊತ್ತಾದ ಮೇಲೆ ಅವನು ಮಾಡುತ್ತಿದ್ದುದಕ್ಕೆ ಕೂಸುಮರಿ ಎಂದು ಹೆಸರು. ಮಗುವನ್ನು ಬೆನ್ನಿಗೆ ಹತ್ತಿಸಿಕೊಂಡಂತೆ, ಅನುಮಾನ ಬಂದ ಐಸಿಯ ಬೆನ್ನ ಮೇಲೆ ಅಂಥದೇ ಒಂದು ಒಳ್ಳೆಯ ಐಸಿಯನ್ನು ಕಾಲಿಗೆ ಕಾಲು ತಾಗುವ ಹಾಗೆ ಕೂರಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು, ಪರದೆ ನೋಡುವುದು. ಚಿತ್ರ ಸರಿಹೋಯಿತೋ, ಕೆಳಗಿರುವುದು ಸತ್ತಿದೆ. ಕಿತ್ತು ಬೇರೆ ಹಾಕುವುದು. ನೋಡುವವರಿಗೆ ಅದೊಂದು ಜಾದೂ.

ಈ ವಿದ್ಯೆಯ ಮೊದಲ ಪಾಠ ಹೇಳಿಕೊಟ್ಟವರು ಚನ್ನಮಲ್ಲಪ್ಪ. ಕುಷ್ಟಗಿ ಕಡೆಯಿಂದ ಒಂದು ಚೀಲ ಹಿಡಿದುಕೊಂಡು ಬಂದಿಳಿದ ರೇವಣಸಿದ್ದನನ್ನು ರಾಜಾಜಿನಗರದ ತಮ್ಮ ಟಿವಿ ಅಂಗಡಿಯಲ್ಲಿ ಇಟ್ಟುಕೊಂಡು, ಅನ್ನ ಹಾಕಿ, ಕಡ್ಡಿ ಹಿಡಿಯುವುದನ್ನು ಕಲಿಸಿದ ಮನುಷ್ಯ. ಎಂಟು ಹತ್ತು ವರ್ಷ ಕಳೆಯುವಷ್ಟರಲ್ಲಿ ಅವರ ಕಣ್ಣಿಗೆ ಪೊರೆ ಬಂತು. ಒಂದು ಮಧ್ಯಾಹ್ನ, ಅಂಗಡಿ ತುಂಬ ಜನ ಇದ್ದಾಗ, ಅವರು ಒಂದು ಸೆಟ್ಟನ್ನು ನೋಡಿ “ಆಯ್ತು, ತಗೊಂಡು ಹೋಗಿ” ಎಂದರು. ಒಳಗಿನಿಂದ ರೇವಣಸಿದ್ದ ಕೂಗಿದ: “ಏನ್ ಆತ್ರಿ ಗುರುಗಳ? ನೀಲಿ ಗೀಟ ಕುಣ್ಯಾಕತ್ತೈತಿ, ಕಾಣವಲ್ತೇನ?” ಅಷ್ಟಕ್ಕೆ ಸುಮ್ಮನಾಗಿದ್ದರೆ ಮನುಷ್ಯ ಅನ್ನಬಹುದಿತ್ತು. ಎದ್ದು ಬಂದು ಅವರ ಮುಖದ ಮುಂದೆ ಎರಡು ಬೆರಳು ಹಿಡಿದ. “ಎಷ್ಟ ಅದಾವ ಹೇಳ್ರಿ ನೋಡೋಣ?”

ಚನ್ನಮಲ್ಲಪ್ಪ ಕಣ್ಣು ಕಿರಿದು ಮಾಡಿ, “ಮೂರು” ಎಂದರು.

ಅಂಗಡಿಗೆ ಅಂಗಡಿಯೇ ನಕ್ಕಿತು. ರೇವಣಸಿದ್ದ ವಿಜಯನಗರದಲ್ಲಿ ಸ್ವಂತ ಅಂಗಡಿ ಇಟ್ಟ. ವರ್ಷ ತುಂಬುವುದರೊಳಗೆ ಗಿರಾಕಿಗಳೆಲ್ಲ ಅವನ ಹಿಂದೆ ಬಂದರು, ಆ ಅಂಗಡಿ ಬೇಕರಿಯಾಯಿತು, ಚನ್ನಮಲ್ಲಪ್ಪ ಒಂದು ಗುಡಿಯ ಮುಂದೆ ಚಪ್ಪಲಿ ಕಾಯುವ ಕೆಲಸಕ್ಕೆ ಕೂತರು. ರೇವಣಸಿದ್ದ ಆ ಗುಡಿಗೆ ಹೋಗುವುದನ್ನು ಬಿಟ್ಟುಬಿಟ್ಟ. ನಾಚಿಕೆಯಿಂದ ಎಂದುಕೊಂಡರೆ ನಿಮ್ಮದು ಒಳ್ಳೆಯ ಮನಸ್ಸು. ಮುದುಕ ಎಲ್ಲಿ ದನಿ ಗುರುತು ಹಿಡಿದು ಮಾತಾಡಿಸಿಬಿಡುತ್ತಾನೋ ಎಂದು ಬಿಟ್ಟ.

ಇರಲಿ. ಎರಡು ಸಾವಿರದ ಏಳನೇ ಇಸವಿಗೆ ಬರೋಣ. ಅಷ್ಟರಲ್ಲಿ ಮನೆಮನೆಗೆ ಕಂಪ್ಯೂಟರ್ ಬಂದು, ಕ್ಯಾಸೆಟ್ ಗೇಮುಗಳು ಅಟ್ಟ ಸೇರಿದ್ದವು. ರೇವಣಸಿದ್ದನ ಅಂಗಡಿ ಮುಚ್ಚಿ, ಈಗ ಚನ್ನಕೇಶವನ ಮೊಬೈಲ್ ಅಂಗಡಿಯ ಮೂಲೆಯಲ್ಲಿ ಒಂದು ಮೇಜು ಮಾತ್ರ ಉಳಿದಿತ್ತು. ಚನ್ನಕೇಶವ ಅತ್ತಿಗುಪ್ಪೆಯ ಹಳೇ ಊರಿನವನು. ಅಪ್ಪನ ರಾಗಿ ಹೊಲ ಲೇಔಟ್ ಆಗಿ, ಇವನಿಗೆ ಮೂರಂತಸ್ತಿನ ಕಟ್ಟಡ ಬಂದಿತ್ತು. ಹೊಸದಾಗಿ ತಂದು ಗೋಡೆಗೆ ಹಾಕಿದ್ದ ದೊಡ್ಡ ಟಿವಿಯನ್ನು ಅವನು ಗಿರಾಕಿಗಳಿಗೆ ತೋರಿಸುತ್ತಿದ್ದಾಗ ರೇವಣಸಿದ್ದ, “ಅದ್ರಾಗ ಎಲ್ಲಾರಿಗೂ ಕಾಮಾಲಿ ಆಗೈತಿ. ಕಣ್ಣು ಮಾರ್ಕೊಂಡು ಟಿವಿ ತಂದೀರೇನ್ರಿ?” ಎಂದಿದ್ದ. ಚನ್ನಕೇಶವ ಅವತ್ತು ನಕ್ಕು ಸುಮ್ಮನಾದ. ಅಂಥವರ ನಗು ಸುಮ್ಮನೆ ಹೋಗುವುದಿಲ್ಲ.

ಆ ವರ್ಷದ ಯುಗಾದಿ ಕಳೆದ ಮೇಲೆ ರೇವಣಸಿದ್ದನ ಕಣ್ಣಿಗೆ ನೆಟ್ಟಗಿನ ಗೆರೆಗಳು ಬಾಗಿ ಕಾಣತೊಡಗಿದವು. ಮೊದಲು ಕಿಟಕಿಯ ಸರಳು. ಆಮೇಲೆ ಟ್ಯೂಬ್‌ಲೈಟು. ಆಮೇಲೆ ಪರದೆಯ ನಡುವೆ ಒಂದು ಕಂದು ಕಲೆ, ಬೆರಳಿಗೆ ಸಿಗದ ಎಣ್ಣೆಜಿಡ್ಡಿನ ಹಾಗೆ. ಟಿವಿ ಕೆಟ್ಟಿದೆ ಎಂದು ಬೈದ. ಟಿವಿ ಬದಲಾಯಿಸಿದ. ಹೊಸ ಟಿವಿಯ ನಡುವೆಯೂ ಅದೇ ಕಲೆ ಬಂದು ಕೂತಿತು. ಹೆಂಡತಿ ಹನುಮವ್ವ ಹೇಳಿದಳು: “ಚಹಾ ಕಪ್ಪಿನ ಹೊರಗ ಸುರೀತೀರಿ, ನನ್ನ ಮಾರಿ ನೋಡೂ ಮುಂದ ಕಿವಿ ನೋಡ್ತೀರಿ. ದವಾಖಾನಿಗೆ ನಡೀರಿ.” ಸಕ್ಕರೆ ಕಾಯಿಲೆ ಆರೇಳು ವರ್ಷದಿಂದ ಇತ್ತು. ಗುಳಿಗೆ ನೆನಪಾದ ದಿನ ನುಂಗುವುದು, ಜಿಲೇಬಿ ಕಂಡ ದಿನ ತಿನ್ನುವುದು, ಹಾಗೆ ನಡೆದಿತ್ತು.

ಕಣ್ಣಿನ ಆಸ್ಪತ್ರೆಯ ಡಾಕ್ಟರಮ್ಮ ಚೌಕಳಿ ಗೆರೆಗಳಿದ್ದ ಒಂದು ಕಾಗದ ಕೊಟ್ಟು, ಒಂದು ಕಣ್ಣು ಮುಚ್ಚಿಕೊಂಡು ನೋಡಲು ಹೇಳಿದರು. ರೇವಣಸಿದ್ದ ನೋಡಿದ. ಹುಬ್ಬು ಗಂಟಿಕ್ಕಿದ. ಇಪ್ಪತ್ತು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ? “ನಿಮ್ಮ ಕಾಗದ ಕೆಟ್ಟೈತ್ರಿ ಮೇಡಂ. ನಡುವ ಗೀಟು ಸೊಟ್ಟ ಪ್ರಿಂಟ್ ಆಗ್ಯಾವು. ಬ್ಯಾರೆ ತರ್ಸ್ರಿ.”

“ಪ್ರಿಂಟ್ ಸರಿಯಾಗೇ ಇದೆ” ಎಂದರು ಡಾಕ್ಟರಮ್ಮ. “ನಿಮ್ಮ ಹೆಂಡತೀನ ಕೇಳಿ.”

ಹನುಮವ್ವ ಕಾಗದ ನೋಡಿದಳು, ಗಂಡನನ್ನು ನೋಡಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಕ್ಕರೆಯಿಂದ ಕಣ್ಣಿನ ಒಳಗಿನ ಪರದೆಯ ನಡುಭಾಗವೇ ಊದಿಕೊಂಡಿದೆ, ಎರಡೂ ಕಣ್ಣಿನಲ್ಲಿ. ಹೋದದ್ದು ಬರುವುದು ಕಷ್ಟ. ತಿಂಗಳು ತಿಂಗಳು ಬಂದು ಲೇಸರ್ ಮಾಡಿಸಿಕೊಂಡರೆ ಇದ್ದದ್ದನ್ನಾದರೂ ಉಳಿಸಬಹುದು ಎಂದರು. ರೇವಣಸಿದ್ದ ಎರಡು ಸಲ ಹೋಗಿ ಬಂದ. ಎರಡನೇ ಸಲ ಚನ್ನಕೇಶವ, “ಏನ್ ಗುರು, ಹೋದ ತಿಂಗಳೂ ಬುಧವಾರ, ಈ ತಿಂಗಳೂ ಬುಧವಾರ, ಎಲ್ಲಿಗೆ ಸವಾರಿ?” ಎಂದು ಕೇಳಿದ. ಅಲ್ಲಿಗೆ ಆಸ್ಪತ್ರೆ ನಿಂತಿತು. ಹೆಂಡತಿಯ ಕೈ ಹಿಡಿದು ಆಣೆ ಹಾಕಿಸಿಕೊಂಡ: “ಯಾರ ಮುಂದನೂ ಬಾಯಿ ಬಿಡಬ್ಯಾಡ. ಕಣ್ಣು ಹೋಗ್ಯಾವ ಅಂತ ಗೊತ್ತಾದ್ರ ನಾನೂ ಚಪ್ಪಲಿ ಕಾಯಬೇಕಾಗ್ತೈತಿ.”

ಕುರುಡಾಗುತ್ತಿರುವ ಮನುಷ್ಯ ಚಿತ್ರದ ರಿಪೇರಿ ಹೇಗೆ ಮಾಡಿದ ಎಂದು ಕೇಳಬೇಡಿ. ಮಾಡಿದ, ಅದೂ ಐದು ತಿಂಗಳು. ಬೆಸುಗೆಗೆ ಬೆರಳೇ ಸಾಕಾಗಿತ್ತು, ಅವಕ್ಕೆ ದಾರಿ ಗೊತ್ತಿತ್ತು. ಚಿತ್ರಕ್ಕೆ ಗಿರಾಕಿಗಳ ಕಣ್ಣನ್ನೇ ಬಳಸಿಕೊಂಡ. “ಏನ್ ಕಾಣತೈತಿ ನೆಟ್ಟಗ ಹೇಳ್ರಿ” ಎಂಬುದು ಅವನ ಹಳೇ ಮಾತೇ ತಾನೆ? ಇವನು ನಮ್ಮನ್ನು ಪರೀಕ್ಷೆ ಮಾಡುತ್ತಿದ್ದಾನೆ ಎಂದುಕೊಂಡು ಎಲ್ಲರೂ ಹೆದರಿಕೊಂಡು, ಮೈಯೆಲ್ಲ ಕಣ್ಣಾಗಿ ನೋಡಿ, ಎಡಗಡೆ ಇಂಥ ಬಣ್ಣ, ಬಲಗಡೆ ಇಂಥ ಚುಕ್ಕಿ ಎಂದು ಒಪ್ಪಿಸುತ್ತಿದ್ದರು. ಕೇಳಿಸಿಕೊಂಡು ಐಸಿ ಹಿಡಿಯುತ್ತಿದ್ದ. ಕೂಸುಮರಿ ಮಾಡಿ, “ಈಗ ಹೆಂಗೈತಿ?” ಎನ್ನುತ್ತಿದ್ದ. “ಹೋಯ್ತಣ್ಣ!” ಎಂದರೆ ಬೆಸುಗೆ ಹಾಕುತ್ತಿದ್ದ. ಒಂದೂ ತಪ್ಪಲಿಲ್ಲ. ಅವನ ಸೊಕ್ಕಿಗೆ ಮರ್ಯಾದೆ ಕೊಡಬೇಕಾದ ಒಂದು ಕಾಲವಿದ್ದರೆ ಅದು ಈ ಐದು ತಿಂಗಳು.

ಆಗ ಬಂದವನು ಪುರುಷೋತ್ತಮ. ಬಸವೇಶ್ವರನಗರದಲ್ಲಿ ಅವನ ಅಪ್ಪನದೊಂದು ಛತ್ರ. ಅದರ ಮೇಲಂತಸ್ತಿನ ಹಾಲ್‌ನಲ್ಲಿ ಹಳೇ ಗೇಮುಗಳನ್ನೆಲ್ಲ ಸಾಲಾಗಿ ಇಟ್ಟು, ಚಿಕ್ಕಂದಿನಲ್ಲಿ ಆಡಿದವರೆಲ್ಲ ಮತ್ತೆ ಬಂದು ಆಡುವಂತೆ ಮಾಡಬೇಕೆಂದು ಊರೂರು ಸುತ್ತಿ ಹದಿನಾಲ್ಕು ಪೆಟ್ಟಿಗೆ ಕೂಡಿಹಾಕಿದ್ದ. ಅರ್ಧಕ್ಕರ್ಧ ಚಿತ್ರ ಕೆಟ್ಟವು. ಅವನ್ನು ನೋಡಿಕೊಂಡು ಅಲ್ಲೇ ಕೂರುವ ಒಬ್ಬ ಖಾಯಂ ಮನುಷ್ಯ ಬೇಕಾಗಿತ್ತು. ಕ್ಯಾಸೆಟ್ ಗೇಮ್ ಬಲ್ಲವನಿಗೆ ಇಡೀ ಊರಿನಲ್ಲಿ ಉಳಿದಿದ್ದ ಕೊನೆಯ ಕೆಲಸ ಅದು.

“ನಿಮ್ಮ ಹೆಸರು ತುಂಬಾ ಕೇಳಿದ್ದೀನಿ” ಎಂದ ಪುರುಷೋತ್ತಮ. “ಭಾನುವಾರ ಒಂದು ಮಷೀನ್ ತರ್ತೀನಿ, ನೋಡಿಕೊಡಿ. ಆಮೇಲೆ ಮಾತಾಡೋಣ.”

ಅವತ್ತು ಸಂಜೆ ರೇವಣಸಿದ್ದ ಹೆಂಡತಿಗೆ ಹೂವು ತಂದ. ಆ ಕೆಲಸವೊಂದು ಸಿಕ್ಕರೆ ಸಾಕು, ಯಾರಿಗೂ ಲೆಕ್ಕ ಹೇಳದೆ ಬುಧವಾರ ಆಸ್ಪತ್ರೆಗೆ ಹೋಗಬಹುದು, ಉಳಿದ ಕಣ್ಣು ಉಳಿಯುತ್ತದೆ. ಹನುಮವ್ವ ಹೂವು ಮುಡಿದುಕೊಂಡು ಗೋಡೆಯ ದೇವರ ಪಟಕ್ಕೆ ಕೈಮುಗಿದಳು.

ಅತ್ತ ಪುರುಷೋತ್ತಮ ಮೆಟ್ಟಿಲಿಳಿಯುವಾಗ ಚನ್ನಕೇಶವ ಹಿಂದೆಯೇ ಹೋಗಿ ಭುಜದ ಮೇಲೆ ಕೈ ಹಾಕಿದ್ದ. “ಕೆಲಸಗಾರನೇ ಸಾರ್, ಇಲ್ಲ ಅನ್ನಲ್ಲ. ಆದ್ರೆ ಈಚೀಚೆಗೆ ಗಿರಾಕಿ ಏನು ಹೇಳಿದ್ರೂ ಹೂಂ ಅಂತಾನೆ. ಚೆನ್ನಾಗಿರೋ ಮಷೀನೇ ತನ್ನಿ. ಇಂಥ ಫಾಲ್ಟ್ ಇದೆ ಅಂತ ನೀವೇ ಹೇಳಿ. ಏನ್ಮಾಡ್ತಾನೆ ನೋಡೋಣ.” ರೇವಣಸಿದ್ದನಿಗೆ ಕಣ್ಣು ಕಾಣುತ್ತಿಲ್ಲ ಎಂಬುದು ಚನ್ನಕೇಶವನಿಗೂ ಹೊಳೆದಿರಲಿಲ್ಲ. ಕಾಮಾಲಿಯ ಮಾತು ಮಾತ್ರ ಮರೆತಿರಲಿಲ್ಲ.

ಭಾನುವಾರ ಹನ್ನೊಂದು ಗಂಟೆಗೆ ಅಂಗಡಿ ತುಂಬಿತ್ತು, ಚನ್ನಕೇಶವ ತುಂಬಿಸಿದ್ದ. ಪುರುಷೋತ್ತಮ ಪೆಟ್ಟಿಗೆ ಮೇಜಿನ ಮೇಲಿಟ್ಟ. ರೇವಣಸಿದ್ದ ಮುಚ್ಚಳ ಬಿಚ್ಚಿ, ಧೂಳು ಊದಿ, ಟಿವಿಗೆ ಜೋಡಿಸಿದ. ಆಟದ ಸಂಗೀತ ಶುರುವಾಯಿತು.

“ನೀವ ಹೇಳ್ರಿ ಸಾರ್. ಏನ್ ಕಾಣತೈತಿ?”

“ಎಡಗಡೆ ಒಂದು ಹಸಿರು ಗೀಟು” ಎಂದ ಪುರುಷೋತ್ತಮ, ಹೇಳಿಕೊಟ್ಟಂತೆ. “ಮೇಲಿಂದ ಕೆಳಗಿನವರೆಗೂ. ಅದರ ಪಕ್ಕದಲ್ಲಿ ಅಕ್ಷರ ಎಲ್ಲ ಒಡೆದುಹೋಗಿದೆ.”

ರೇವಣಸಿದ್ದ ಪರದೆ ನೋಡಿದ. ನಡುವೆ ಅದೇ ಕಂದು ಕಲೆ. ಕತ್ತು ವಾರೆ ಮಾಡಿ ಕಣ್ಣಂಚಿನಿಂದ ನೋಡಿದ. ಏನೋ ಅಲುಗಿತು. ಹಸಿರು ಎಂದು ಕಿವಿಗೆ ಬಿದ್ದ ಮೇಲೆ ಹಸಿರು ಕಂಡಂತೆಯೂ ಆಯಿತು. ಆ ಹಾಳು ಕಣ್ಣು ಅಷ್ಟೊಂದು ಉಪಕಾರ ಮಾಡಿತು.

“ಹೌದ್ರಿ. ಸೀರಿ ಅಂಚು. ಜೋಡಿಗೆ ಮಂಡಾಳು. ಚಿತ್ರದ ನೆನಪಿನ ಐಸಿ ಒಂದು ಸತ್ತೈತಿ.” ದನಿಯಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ. ಥರ್ಮೊಕೋಲಿನಿಂದ ಒಂದು ಐಸಿ ಕಿತ್ತು, ಬೆರಳಿನಿಂದಲೇ ಜಾಗ ತಡಕಿ, ಕೂಸುಮರಿ ಕೂರಿಸಿ ಒತ್ತಿ ಹಿಡಿದ. “ಈಗ ನೋಡ್ರಿ. ಹೋತಲ್ಲ?”

ಹಿಂದೆ ಯಾರೋ ಕಿಸಕ್ಕೆಂದರು.

“ಹೋತೋ ಇಲ್ಲೋ?” ಎಂದ ರೇವಣಸಿದ್ದ, ಹೆಬ್ಬೆರಳು ಇನ್ನೂ ಗಟ್ಟಿಯಾಗಿ ಒತ್ತಿ.

“ಏನು ಹೋಗ್ಬೇಕಿತ್ತು ಗುರು?” ಚನ್ನಕೇಶವನ ದನಿ ಸಿಹಿಯಾಗಿತ್ತು. “ಅಲ್ಲಿ ಏನಾದ್ರೂ ಇದ್ರೆ ತಾನೆ ಹೋಗೋದು? ಮಷೀನ್ ಚೆನ್ನಾಗೇ ಇದೆ. ಅಂಗಡೀಲಿ ಹನ್ನೆರಡು ಜನ ಇದೀವಿ, ಹನ್ನೆರಡು ಜನಕ್ಕೂ ಕಾಣ್ತಿದೆ. ನಿನಗೊಬ್ಬನಿಗೆ ಹೇಗಪ್ಪಾ ಹಸಿರು ಗೀಟು ಕಂಡಿದ್ದು?”

ಆಮೇಲೆ ನಗು. ಎಷ್ಟೋ ವರ್ಷದಿಂದ ಹಲ್ಲು ಕಿರಿದು ನಿಂತವರೆಲ್ಲ ಒಟ್ಟಿಗೆ ಬಾಯ್ತುಂಬ ನಕ್ಕರು. “ನಮ್ಮ ಹತ್ರಾನೂ ಹಿಂಗೇ ದುಡ್ಡು ಕಿತ್ತಿರ್ತಾನೆ ಬಿಡು ಮಗಾ” ಎಂದು ಒಬ್ಬ. “ಕಳ್ಳ ನನ್ಮಗ” ಎಂದು ಇನ್ನೊಬ್ಬ. ರೇವಣಸಿದ್ದ ಹೆಬ್ಬೆರಳನ್ನು ತೆಗೆಯಲಿಲ್ಲ. ತೆಗೆಯಬೇಕೆಂದು ಅವನಿಗೆ ತೋಚಲೇ ಇಲ್ಲ.

ಪುರುಷೋತ್ತಮ ಮಾತ್ರ ನಗಲಿಲ್ಲ. ಅವನು ಬಗ್ಗಿ ರೇವಣಸಿದ್ದನ ಮುಖವನ್ನೇ ನೋಡುತ್ತಿದ್ದ. “ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮಗೆ ಕಣ್ಣಿಗೇನಾದ್ರೂ ತೊಂದರೆ ಇದ್ಯಾ? ಇದ್ರೆ ಹೇಳಿ.”

ರೇವಣಸಿದ್ದನಿಗೆ ಎಲ್ಲ ಮುಖಗಳೂ ಕಂದು ಕಲೆಯ ಸುತ್ತ ಕಾದು ನಿಂತಂತೆ ಕಂಡಿತು. ಹೌದು ಎಂದರೆ ಏನಾಗುತ್ತದೆ ಎಂದು ಅವನಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಯಾರೋ ಒಬ್ಬ ಎದ್ದು ಬರುತ್ತಾನೆ. ಮುಖದ ಮುಂದೆ ಬೆರಳು ಹಿಡಿಯುತ್ತಾನೆ. ಎಷ್ಟು ಎಂದು ಕೇಳುತ್ತಾನೆ. ಆ ಆಟ ಹೇಗೆ ಮುಗಿಯುತ್ತದೆ ಎಂಬುದು ಅದನ್ನು ಆಡಿಸಿದವನಿಗೆ ಚೆನ್ನಾಗಿ ಗೊತ್ತಿತ್ತು.

“ಕಣ್ಣು ಗಟ್ಟಿ ಅದಾವ್ರಿ” ಎಂದ. “ನಾ ಸುಳ್ಳ ಹೇಳಿದೆ. ಮಷೀನ್ ಚಲೋ ಐತಿ ಅನ್ನೋದು ನನಗ ಮೊದಲ ಕಾಣಿಸಿತ್ತು. ರೊಕ್ಕದ ಆಸೆ.”

ಪುರುಷೋತ್ತಮ ಪೆಟ್ಟಿಗೆಯನ್ನು ಎತ್ತಿಕೊಂಡ. ಬಾಗಿಲ ಹತ್ತಿರ ನಿಂತು ತಿರುಗಿದ. “ಕಣ್ಣು ಕಾಣಲ್ಲ ಅಂದಿದ್ರೆ ಕುರ್ಚಿ ಹಾಕಿ ಕೂರಿಸ್ತಿದ್ದೆ ರೀ. ನೀವು ಬಾಯಲ್ಲಿ ಹೇಳಿದ್ರೆ ಸಾಕಿತ್ತು, ಕೈಕೆಲಸಕ್ಕೆ ಬೇರೆಯವರು ಇರ್ತಿದ್ರು. ಕಳ್ಳನ್ನ ಇಟ್ಕೊಂಡು ಏನ್ಮಾಡ್ಲಿ?”

ರೇವಣಸಿದ್ದನ ಬಾಯಿ ತೆರೆಯಿತು. ಸಾರ್ ಎನ್ನುವಷ್ಟು ದನಿಯೂ ಬಂತು. ಆದರೆ ಈಗ ತಾನೆ ಗಟ್ಟಿ ಎಂದ ಕಣ್ಣನ್ನು ಇಲ್ಲ ಎಂದರೆ ಅದನ್ನು ಕಳ್ಳನ ಇನ್ನೊಂದು ಸುಳ್ಳು ಎನ್ನುತ್ತಾರೆ, ಅಷ್ಟೆ. ತೆರೆದ ಬಾಯಿಯನ್ನು ಮುಚ್ಚಿಕೊಂಡ. ಪುರುಷೋತ್ತಮನ ಕಾರು ಹೊರಟ ಸದ್ದು ಕೇಳಿಸಿತು.

ಸುದ್ದಿ ರೇವಣಸಿದ್ದನಿಗಿಂತ ಮೊದಲು ಅತ್ತಿಗುಪ್ಪೆಯ ಅವನ ಮನೆ ಮುಟ್ಟಿತ್ತು. ಹನುಮವ್ವ ಹೊಸ್ತಿಲಲ್ಲೇ ನಿಂತಿದ್ದಳು. “ಒಂದ್ ದಿನಾನೂ ಇಲ್ಲದ್ದ ಹೇಳಿ ಒಬ್ಬರ ಕಡೆ ರೊಕ್ಕ ತಗೊಂಡವರಲ್ಲ ನೀವು. ಯಾಕ ಹಂಗಂದ್ರಿ? ನನ್ನ ಕಳ್ಳನ ಹೇಣ್ತಿ ಮಾಡಿದ್ರಲ್ರೀ.”

“ಕುರುಡನ ಹೇಣ್ತಿ ಆಗೋದ್ಕಿಂತ ಚಲೋ ಅಲ್ಲೇನ?” ಎಂದ ರೇವಣಸಿದ್ದ.

ಅವಳು ಬಡಿಸಿದ ತಟ್ಟೆಯನ್ನು ಅವನ ಮುಂದೆ ಕುಕ್ಕಿ ಹೊರಗೆ ಹೋಗಿ ಕೂತಳು. ರೊಟ್ಟಿ ಎಲ್ಲಿದೆ, ಪಲ್ಯ ಎಲ್ಲಿದೆ ಎಂದು ಅವತ್ತು ಹೇಳಲಿಲ್ಲ. ಅವನು ತಡಕಿಕೊಂಡು ತಿಂದ.

ಮಾರನೆಯ ದಿನ ಮೇಜು ಖಾಲಿ ಮಾಡಲು ಹೋದರೆ ಚನ್ನಕೇಶವ ಟೀ ತರಿಸಿದ. “ಎಲ್ಲಿಗೆ ಗುರು ಹೊರಟೆ? ಕೂತ್ಕೋ. ನಿನ್ನೆ ನಾನೂ ನೋಡ್ದೆ. ಇಲ್ಲದ ಗೀಟನ್ನ ಅಷ್ಟು ಧೈರ್ಯವಾಗಿ ಇದೆ ಅಂದ್ಯಲ್ಲ, ಅಬ್ಬಬ್ಬಾ! ನಮ್ಮ ಹುಡುಗರಿಗೆ ಬಾಯೇ ಬರಲ್ಲ. ಮೊಬೈಲ್ ಕೌಂಟರಲ್ಲಿ ಕೂತ್ಕೋ. ಚಾರ್ಜ್ ಆಗ್ತಿಲ್ಲ ಅಂತ ಬಂದೋರಿಗೆ ಡಿಸ್‌ಪ್ಲೇನೂ ಹೋಗಿದೆ ಅನ್ನು. ಅಷ್ಟೇ ಕೆಲಸ.”

ಆ ಕೆಲಸಕ್ಕೆ ಕಣ್ಣು ಬೇಕಾಗಿರಲಿಲ್ಲ. ರೇವಣಸಿದ್ದ ಕೂತ.

ಮೊದಲು ಬಂದವಳು ಚಿಕ್ಕಗಂಗಮ್ಮ, ಸರ್ಕಲ್ಲಿನಲ್ಲಿ ಹೂವು ಮಾರುವ ಮುದುಕಿ. ಮಗ ಕೊಡಿಸಿದ ಹ್ಯಾಂಡ್‌ಸೆಟ್ಟನ್ನು ಎಲೆ ಅಡಿಕೆ ಚೀಲದಿಂದ ತೆಗೆದು ಅವನ ಕೈಗೆ ಕೊಟ್ಟಳು. ಚಾರ್ಜು ನಿಲ್ಲುತ್ತಿಲ್ಲ ಎಂದಳು. ಅವನು ಅದನ್ನು ಮುಖದ ಹತ್ತಿರ ಹಿಡಿದ, ದೂರ ಹಿಡಿದ, ಬೆಳಕಿಗೆ ವಾರೆ ಮಾಡಿದ. ಅಭ್ಯಾಸದಿಂದ ಹಳೆಯ ಮಾತೇ ಬಾಯಿಗೆ ಬಂತು.

“ಡಿಸ್‌ಪ್ಲೇದಾಗ ಏನ್ ಕಾಣತೈತಿ ನಿಮಗ, ನೆಟ್ಟಗ ಹೇಳ್ರಿ.”

“ನಂಗೇನು ಕಾಣತ್ತಪ್ಪಾ? ಎರಡು ಕಣ್ಣಿಗೂ ಪೊರೆ. ದಾರ ಕಟ್ಟೋದೇ ಕೈಯಂದಾಜು” ಎಂದಳು ಚಿಕ್ಕಗಂಗಮ್ಮ. “ನೀನು ಕಣ್ಣಿದ್ದೋನು. ನೀನೇ ನೋಡಿ ಹೇಳು.”

ಹಿಂದಿನಿಂದ ಚನ್ನಕೇಶವ ಮೆಲ್ಲಗೆ ಕೆಮ್ಮಿದ. ರೇವಣಸಿದ್ದ ಹ್ಯಾಂಡ್‌ಸೆಟ್ಟನ್ನು ಕೌಂಟರಿನ ಮೇಲೆ ಇಟ್ಟ. ಕಂದು ಕಲೆಯ ಹಿಂದೆ ಮುದುಕಿಯ ಮುಖ ಇದ್ದಿರಬೇಕು.

“ಹಸಿರು ಗೀಟು ಬಂದೈತಿ ಅವ್ವಾ” ಎಂದ. “ಡಿಸ್‌ಪ್ಲೇ ಹೋಗೈತಿ.”

“ಅಯ್ಯೋ, ಹೌದಾ? ಹಾಕಿಕೊಡಪ್ಪ ಹಾಗಾದ್ರೆ” ಎಂದು ಚಿಕ್ಕಗಂಗಮ್ಮ ಸೊಂಟದ ಗಂಟು ಬಿಚ್ಚತೊಡಗಿದಳು.